ಕಾಡುಹಂದಿಯ ಬೇಟೆಯೂ ಗುಂಡಿನ ಆಯ್ಕೆಯೂ

ಬ್ಯಾಡಗಿ ತಾಲೂಕಿನ ಕದರಮಂಡಲಗಿಯು ಕಾಂತೇಶನ ಕ್ಷೇತ್ರವೆಂಬುದು ನಾಡಿಗೆಲ್ಲ ವಿದಿತವಾಗಿದೆ. ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಇಲ್ಲಿಯ ಕಾಂತೇಶ, ಈ ಮೂವರು ಮಾರುತಿಗಳ ದರ್ಶನವನ್ನು ಒಂದೇ ದಿನದಲ್ಲಿ ಪಡೆಯಬೇಕೆಂದು ಭಕ್ತರು ಬೆಳಗಿನಿಂದ ಸಂಜೆಯ ವರೆಗೆ ಓಡಾಡುವುದುಂಟು. ಈ ಮೂರರಲ್ಲಿ ಶಿಕಾರಿಪುರವು ತನ್ನ ಹೆಸರನ್ನು ಹೈದರ-ಟೀಪುಗಳ ಕಾಲದ ಬೇಟೆಯಿಂದಲೇ ಪಡೆಯಿತೆಂದು ಹೇಳುವರು. ಆದರೆ ಕ್ಷೇತ್ರದ ಮಹಿಮೆಯನ್ನು ಬಲ್ಲ ಯಾತ್ರಿಕರೆಲ್ಲರೂ ಈ ಸೀಮೆಯ ಹೊಲಗಳ ರಾತ್ರಿಯನ್ನು ಬಲ್ಲವರಲ್ಲ. ಗೋವಿನಜೋಳವು ತೆನೆಗಟ್ಟಿ ಹಾಲುದುಂಬುವ ದಿನಗಳಲ್ಲಿ ಒಕ್ಕಲಿಗನು ಅಟ್ಟಣೆಯ ಮೇಲೆ ಕುಳಿತು ಹಲಗೆ ಬಾರಿಸುತ್ತ, ಕೂಗು ಹಾಕುತ್ತ ಬೆಳಗು ಮಾಡುತ್ತಾನೆ. ಅವನ ನಿದ್ದೆಯನ್ನು ಕದ್ದ ಪ್ರಾಣಿ ಕಾಡುಹಂದಿ. ಈ ಪ್ರಾಣಿಯನ್ನು ಯಾವ ಆಯುಧದಿಂದ ಎದುರಿಸತಕ್ಕದ್ದು, ಆ ಆಯುಧಕ್ಕೆ ಎಂಥ ಅಂಬು ಅಥವಾ ಎಂಥ ಗುಂಡು ತಕ್ಕದ್ದು ಎಂಬ ಪ್ರಶ್ನೆಯು ಕನ್ನಡ ನಾಡಿನಲ್ಲಿ ಬಹು ಹಳೆಯದು. ಅದರ ಇತಿಹಾಸವು ಬೇಟೆಗಾರರ ಹರಟೆಯಷ್ಟೇ ಅಲ್ಲ. ಆಯುಧವು ಯಾರ ಕೈಯಲ್ಲಿತ್ತು, ಯಾರ ಕೈಯಿಂದ ಹೋಯಿತು ಎಂಬ ಕಥೆಯೂ ಅದರೊಳಗೆ ಸೇರಿದೆ.

ಅಮರಸಿಂಹನು ತನ್ನ ಕೋಶದಲ್ಲಿ ಹಂದಿಗೆ ಹನ್ನೆರಡು ಹೆಸರುಗಳನ್ನು ಕೊಟ್ಟಿದ್ದಾನೆ. ಅವುಗಳಲ್ಲಿ ಮೂರನ್ನು ಮಾತ್ರ ನೋಡಿದರೆ ಸಾಕು, ಪ್ರಾಣಿಯ ಸ್ವಭಾವವೆಲ್ಲ ತಿಳಿಯುತ್ತದೆ. ಭೂದಾರವೆಂದರೆ ನೆಲವನ್ನು ಸೀಳುವುದು; ಶೇಂಗಾದ ಹೊಲವನ್ನು ಒಂದೇ ರಾತ್ರಿಯಲ್ಲಿ ಹೂಡಿಟ್ಟಂತೆ ಮಾಡಿಹೋದುದನ್ನು ಕಂಡವನಿಗೆ ಈ ಹೆಸರಿನ ಅರ್ಥವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ದಂಷ್ಟ್ರಿಯೆಂದರೆ ಕೋರೆಹಲ್ಲಿನದು. ಸ್ತಬ್ಧರೋಮವೆಂದರೆ ನೆಟ್ಟಗೆ ನಿಂತ ಕೂದಲುಳ್ಳದ್ದು. ಈ ಮೂರನೆಯ ಹೆಸರು ಬೇಟೆಗಾರನಿಗೆ ವಿಶೇಷವಾಗಿ ಉಪಯುಕ್ತವಾದುದು. ಯಾತಕ್ಕೆಂದರೆ ಬೆನ್ನಿನ ಮೇಲೆ ನಿಮಿರಿ ನಿಲ್ಲುವ ಆ ಕೂದಲಿನ ಸಾಲು ಹಂದಿಯ ಎತ್ತರವನ್ನು ಇದ್ದುದಕ್ಕಿಂತ ಹೆಚ್ಚಾಗಿ ತೋರಿಸಿ, ಗುರಿಯನ್ನು ಮೇಲಕ್ಕೆ ಸೆಳೆಯುತ್ತದೆ. ಅನುಭವವಿಲ್ಲದವನ ಏಟು ಬೆನ್ನೆಲುಬಿನ ಮೇಲಿನ ಮಾಂಸದಲ್ಲಿ ಹಾದುಹೋಗುವುದು ಇದರಿಂದಲೇ.

ಇನ್ನು ಅದರ ದೇಹರಚನೆ. ಚೆನ್ನಾಗಿ ಬೆಳೆದ ಗಂಡುಹಂದಿಯು ಹೆಗಲಿನ ಬಳಿ ಸುಮಾರು ೯೦ ಸೆಂಟಿಮೀಟರು ಎತ್ತರವಾಗಿದ್ದು, ನೂರು ಕಿಲೋಗ್ರಾಮನ್ನು ಮೀರಿ ತೂಗುತ್ತದೆ. ಹೃದಯವೂ ಶ್ವಾಸಕೋಶಗಳೂ ಎದೆಯ ಮುಂಭಾಗದಲ್ಲಿ, ಬಹಳ ತಗ್ಗಿನಲ್ಲಿ, ಮುಂಗಾಲಿನ ಮೂಲದ ಹಿಂದೆ ಅಡಗಿವೆ. ಅವುಗಳ ಮೇಲೆ ಹೆಗಲಿನ ಭಾಗದಲ್ಲಿ, ತೊಗಲಿನ ಕೆಳಗೆ, ನಾರುಗಟ್ಟಿದ ಗಡುಸಾದ ಪದರವೊಂದು ಗಂಡಿಗೆ ವಯಸ್ಸಾದಂತೆ ದಪ್ಪವಾಗುತ್ತ ಹೋಗುತ್ತದೆ. ಗಂಡುಗಳು ಒಂದನ್ನೊಂದು ಕೋರೆಯಿಂದ ತಿವಿದು ಕಾದಾಡುವ ಜಾತಿಯಾದ್ದರಿಂದ ಸೃಷ್ಟಿಕರ್ತನು ಅವಕ್ಕೆ ತೊಡಿಸಿದ ಕವಚವಿದು. ಕವಚವುಳ್ಳ ಶತ್ರುವಿಗೆ ಕವಚವಿಲ್ಲದವನ ಮೇಲೆ ಬಿಡುವ ಅಂಬನ್ನು ಬಿಡಬಾರದೆಂಬುದು ಯುದ್ಧಶಾಸ್ತ್ರದ ಮೊದಲ ಪಾಠ. ಧನುರ್ವೇದದ ಗ್ರಂಥಗಳಲ್ಲಿ ಬಾಣದ ಅಲಗುಗಳನ್ನು ಅವುಗಳ ಆಕಾರದಿಂದ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಕೆಲಸವನ್ನು ಹೇಳಿರುವರು: ಚರ್ಮವನ್ನು ತೂತು ಮಾಡಲು ಚಮ್ಮಾರನ ಉಳಿಯಂಥ ಆರಾಮುಖ, ಕವಚಕ್ಕೆ ಸೂಜಿಮೊನೆಯ ಸೂಚೀಮುಖ, ಕತ್ತರಿಸಿ ಕೆಡಹಲು ಅರ್ಧಚಂದ್ರ, ಹೃದಯವನ್ನು ಭೇದಿಸಲು ಭಲ್ಲ. ಇಂದಿನ ಬಂದೂಕಿನ ಅಂಗಡಿಯವನು ತೋಟೆಗಳನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇಟ್ಟು ಮಾರುವುದು ಇದೇ ಶಾಸ್ತ್ರದ ಮುಂದುವರಿಕೆಯಲ್ಲದೆ ಬೇರೆಯಲ್ಲ.

ಹಂದಿಯ ಬೇಟೆಯ ಒಂದು ವ್ಯಾಜ್ಯವು ಸಂಸ್ಕೃತದ ಮಹಾಕಾವ್ಯವೊಂದಕ್ಕೆ ವಸ್ತುವಾಗಿರುವುದನ್ನು ಇಲ್ಲಿ ನೆನೆಯಬಹುದು. ಭಾರವಿಯ ಕಿರಾತಾರ್ಜುನೀಯದಲ್ಲಿ ಹಂದಿಯ ರೂಪದಿಂದ ಬಂದ ಮೂಕದಾನವನ ಮೇಲೆ ಕಿರಾತವೇಷದ ಶಿವನೂ ಅರ್ಜುನನೂ ಬಾಣ ಬಿಡುತ್ತಾರೆ. ಬಿದ್ದ ಹಂದಿಯು ಯಾರ ಬಾಣದ್ದೆಂಬುದರಿಂದ ಜಗಳವು ಬೆಳೆದು ಯುದ್ಧಕ್ಕೆ ಮುಟ್ಟುತ್ತದೆ. ಶಿವನ ಬಾಣವು ಹಂದಿಯನ್ನು ತೂರಿ ನೆಲದಲ್ಲಿ ಮರೆಯಾಯಿತೆಂದು ಕವಿಯು ಹೇಳಿರುವುದನ್ನು ಬೇಟೆಯನ್ನು ಬಲ್ಲವರು ಗಮನಿಸದೆ ಇರಲಾರರು. ಈ ಕವಿಯು ಕನ್ನಡಿಗರಿಗೆ ಪರಕೀಯನಲ್ಲ. ಅವನ ಹೆಸರು ಕ್ರಿ. ಶ. ೬೩೪ರ ಐಹೊಳೆಯ ಶಾಸನದಲ್ಲಿ ಬಂದಿದೆ; ಅವನ ಕಾವ್ಯದ ಹದಿನೈದನೆಯ ಸರ್ಗಕ್ಕೆ ಗಂಗರ ದುರ್ವಿನೀತನು ಟೀಕೆ ಬರೆದನೆಂದು ಗಂಗರ ತಾಮ್ರಪಟಗಳು ಹೇಳುತ್ತವೆ.

ಆದರೆ ಪುರಾಣದ ಹಂದಿಗಿಂತ ಶಾಸನದ ಹಂದಿಯು ಹೆಚ್ಚಿನದು. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲನ್ನು ನೋಡಿದವರು ಅದನ್ನು ಮರೆಯಲಾರರು. ಶಕವರ್ಷ ೮೭೨, ಅಂದರೆ ಕ್ರಿ. ಶ. ೯೪೯-೫೦ರ ಆ ಶಾಸನದ ಪೂರ್ವಕಥೆಯು ತಕ್ಕೋಲದ ಯುದ್ಧ. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಚೋಳರ ಮೇಲೆ ದಂಡೆತ್ತಿ ಹೋದಾಗ, ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಕೃಷ್ಣನು ಮೆಚ್ಚಿ ಅವನಿಗೆ ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮೊದಲಾದ ನಾಡುಗಳನ್ನು ಕೊಟ್ಟನು. ಇಂದಿನ ಹಾವೇರಿ ಸೀಮೆಯ ಬಹುಭಾಗವು ಆ ಬನವಾಸಿ ನಾಡಿನೊಳಗೆ ಸೇರಿದ್ದಾದ್ದರಿಂದ, ಈ ಕಲ್ಲಿಗೂ ಇಲ್ಲಿಯ ಹೊಲಗಳಿಗೂ ಸಂಬಂಧವಿಲ್ಲವೆಂದು ಹೇಳುವಂತಿಲ್ಲ. ಅದೇ ಯುದ್ಧದಲ್ಲಿ ಬೂತುಗನ ಭಟನಾದ ಮಣಲೆರನೂ ಪರಾಕ್ರಮವನ್ನು ತೋರಿದನು. ಏನು ಬೇಕೆಂದು ಕೇಳಿದಾಗ ಅವನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಆ ಕಾಳಿಯನ್ನು ಒಂದು ಭಾರಿ ಹಂದಿಯ ಮೇಲೆ ಬಿಟ್ಟಾಗ, ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಸತ್ತುವು. ಮಣಲೆರನು ಚಲ್ಲೇಶ್ವರನ ಮುಂದೆ ಕಲ್ಲು ನೆಡಿಸಿ, ಭೂಮಿಯನ್ನು ಬಿಡಿಸಿ, ಪೂಜೆಗೆ ಗೊರವನನ್ನು ನೇಮಿಸಿದನು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿಯ ಪಾಪವು ತಟ್ಟುವುದೆಂಬ ಶಾಪವೂ ಅದರಲ್ಲಿದೆ. ಕಲ್ಲಿನ ಮೇಲೆ ನಾಯಿ-ಹಂದಿಗಳ ಕಾಳಗವನ್ನು ಬಿಡಿಸಿದ ರೂವಾರಿಯು ಹಂದಿಯನ್ನು ಸಣ್ಣದು ಮಾಡಿಲ್ಲವೆಂಬುದು ಅವನ ಪ್ರಾಮಾಣಿಕತೆ.

ಕತ್ತಿ, ಈಟಿ, ಬಿಲ್ಲು ಎಲ್ಲವನ್ನೂ ಬಲ್ಲ ಯೋಧನೊಬ್ಬನು ಹಂದಿಯ ಬೇಟೆಗೆ ನಾಯಿಯನ್ನೇ ಯಾತಕ್ಕೆ ಆರಿಸಿದನು? ಉತ್ತರವು ಪ್ರಾಣಿಯ ನಡತೆಯಲ್ಲಿದೆ. ಹಂದಿಯು ಪೊದೆಯಲ್ಲಿ ಅಡಗುತ್ತದೆ. ಗಾಯಗೊಂಡರೆ ಓಡುವುದಕ್ಕೆ ಬದಲು ತಿರುಗಿ ಬೀಳುವುದೂ ಉಂಟು. ದೂರದಿಂದ ಬಿಟ್ಟ ಅಂಬು ಹೆಗಲಿನ ಕವಚದಲ್ಲಿ ನಾಟಿ ನಿಂತರೆ ಗಾಯವಾಯಿತೇ ಹೊರತು ಕೊಲೆಯಾಗಲಿಲ್ಲ. ನಾಯಿಯು ಅದನ್ನು ತಡೆದು ನಿಲ್ಲಿಸಿದರೆ ಬೇಟೆಗಾರನು ಸಮೀಪಕ್ಕೆ ಬಂದು ಈಟಿಯಿಂದ ಎದೆಗೇ ಇರಿಯಬಹುದು. ಅರೆಗಾಯದ ಹಂದಿಯನ್ನು ಪೊದೆಯಲ್ಲಿ ಬಿಟ್ಟುಬರುವುದಕ್ಕಿಂತ ನಾಯಿಯೊಂದನ್ನು ಕಳೆದುಕೊಳ್ಳುವುದು ಮೇಲೆಂದು ಹಿಂದಿನವರು ಎಣಿಸಿದ್ದರು. ಮರುದಿನ ಆ ಪೊದೆಯ ಬಳಿಗೆ ಸೌದೆಗೆ ಹೋಗುವವಳು ಯಾರದೋ ಮಗಳು.

ಕಲ್ಯಾಣದ ಚಾಲುಕ್ಯರ ಲಾಂಛನವೇ ವರಾಹ. ಹೊನ್ನಿನ ನಾಣ್ಯಕ್ಕೆ ವರಹವೆಂಬ ಹೆಸರು ನಿಂತದ್ದೂ ಆ ಮುದ್ರೆಯಿಂದಲೇ. ಅಂಥ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಬೇಟೆಯ ಹಲವು ಬಗೆಗಳನ್ನು ವರ್ಣಿಸಿದ್ದಲ್ಲದೆ, ಹಂದಿಯ ಕೂದಲನ್ನು ಸುಟ್ಟು ಮಾಂಸವನ್ನು ಬೇಯಿಸುವ ಕ್ರಮವನ್ನೂ ಹೇಳಿದ್ದಾನೆ. ಲಾಂಛನವನ್ನು ಧ್ವಜದಲ್ಲಿ ಪೂಜಿಸಿ ಪಾಕಶಾಲೆಯಲ್ಲಿ ಪಚನ ಮಾಡಿದುದು ರಾಜರಿಗೆ ವಿರೋಧವಾಗಿ ತೋರಲಿಲ್ಲ.

ಮದ್ದು-ಗುಂಡುಗಳು ಬಂದ ಬಳಿಕ ಪ್ರಶ್ನೆಯ ಸ್ವರೂಪವು ಬದಲಾಯಿತು. ಬತ್ತಿಯ ಬಂದೂಕು, ಅದರ ತರುವಾಯ ಕೇಪಿನ ಕೋವಿ, ಅನಂತರ ತೋಟೆಯ ಕೋವಿ ಹೀಗೆ ಆಯುಧಗಳು ಒಂದರ ಹಿಂದೊಂದು ಬಂದುವು. ಮಲೆನಾಡಿನವರು ಕೋವಿಗೆ ತುಂಬುವುದಕ್ಕೆ ಈಡೆಂದೂ, ಸಣ್ಣ ಸೀಸದ ಕಾಳುಗಳಿಗೆ ಚರೆಯೆಂದೂ, ಒಂಟಿಯಾಗಿ ಹೋಗುವ ದೊಡ್ಡದಕ್ಕೆ ಗುಂಡೆಂದೂ ಹೇಳುವರು. ಹಕ್ಕಿಗೆ ಚರೆ, ಹಂದಿಗೆ ಗುಂಡು ಎಂಬುದು ಓದುಬರಹವಿಲ್ಲದವನಿಗೂ ತಿಳಿದ ನಿಯಮ. ಹನ್ನೆರಡು ಬೋರಿನ ಕೋವಿಯೆಂದರೆ, ಅದರ ನಳಿಗೆಯ ಅಳತೆಯ ಸೀಸದ ಗುಂಡುಗಳು ಹನ್ನೆರಡು ಕೂಡಿ ಒಂದು ಪೌಂಡು ತೂಗುವವು ಎಂದರ್ಥ. ಅಂಥ ಒಂಟಿ ಗುಂಡು ಹತ್ತಿರದಲ್ಲಿ ಹಂದಿಯ ಹೆಗಲನ್ನು ಮುರಿದು ಒಳಗೆ ಹೋಗುತ್ತದೆ. ಎಲ್‌ಜಿ, ಎಸ್‌ಜಿ ಎಂಬ ದಪ್ಪ ಚರೆಯ ತೋಟೆಗಳೂ ಬಳಕೆಯಲ್ಲಿವೆ; ಎಲ್‌ಜಿ ಕಾಳುಗಳು ಔನ್ಸಿಗೆ ಆರು, ಎಸ್‌ಜಿ ಕಾಳುಗಳು ಎಂಟು. ಇವು ಸಮೀಪದಲ್ಲಿ ಪ್ರಬಲವಾದರೂ ದೂರ ಹೆಚ್ಚಿದಂತೆ ಚದುರಿ, ಒಂದೆರಡು ಕಾಳುಗಳು ಮಾತ್ರ ಹಂದಿಗೆ ತಗುಲಿ, ಅದು ಗಾಯದೊಡನೆ ಓಡಿಹೋಗುವುದಕ್ಕೆ ಕಾರಣವಾಗುತ್ತವೆ.

೧೮೫೭ನೆಯ ಇಸವಿಯು ಈ ಇತಿಹಾಸದಲ್ಲಿ ಎರಡು ಬಗೆಯಿಂದ ಸೇರಿಕೊಳ್ಳುತ್ತದೆ. ಉತ್ತರದಲ್ಲಿ ಎನ್‌ಫೀಲ್ಡ್ ಬಂದೂಕಿನ ತೋಟೆಗೆ ಹಸುವಿನ ಮತ್ತು ಹಂದಿಯ ಕೊಬ್ಬನ್ನು ಸವರಿರುವರೆಂಬ ವಾರ್ತೆಯು ಸಿಪಾಯಿಗಳನ್ನು ಕೆರಳಿಸಿತು. ಹಂದಿಯನ್ನು ಕೊಲ್ಲುವ ತೋಟೆಯ ಕಥೆಯಲ್ಲಿ ಹಂದಿಯೇ ತೋಟೆಯೊಳಗೆ ಸೇರಿ ಸಾಮ್ರಾಜ್ಯವನ್ನು ಅಲುಗಿಸಿದ ವಿಚಿತ್ರವಿದು. ದಕ್ಷಿಣದಲ್ಲಿ ಮುಧೋಳದ ಹತ್ತಿರದ ಹಲಗಲಿಯ ಬೇಡರು, ಆಯುಧಗಳನ್ನು ಒಪ್ಪಿಸತಕ್ಕದ್ದೆಂಬ ಅಪ್ಪಣೆಯನ್ನು ಮನ್ನಿಸದೆ ನಿಂತರು. ಬೇಟೆಯೇ ಕುಲವೃತ್ತಿಯಾದವರಿಗೆ ಆಯುಧವನ್ನು ಕೊಡುವುದೆಂದರೆ ಅನ್ನವನ್ನೂ ಮಾನವನ್ನೂ ಒಟ್ಟಿಗೆ ಕೊಟ್ಟಂತೆ. ಆ ವರ್ಷದ ನವೆಂಬರ ಕೊನೆಗೆ ಸರಕಾರದ ದಂಡು ಊರಿನ ಮೇಲೆ ಬಿದ್ದಿತು, ಊರು ಸುಟ್ಟಿತು, ಹಿಡಿದವರಲ್ಲಿ ಹಲವರನ್ನು ಗಲ್ಲಿಗೆ ಹಾಕಿದರು. ಆ ಸಂಗತಿಯ ಲಾವಣಿಯನ್ನು ಸಂಗ್ರಹಿಸಿ ಅಚ್ಚುಮಾಡಿಸಿದವನು ಜೆ. ಎಫ್. ಫ್ಲೀಟ್, ಆತಕೂರಿನ ಶಾಸನವನ್ನು ಓದಿ ಸಂಪಾದಿಸಿದವನೂ ಅವನೇ. ನಾಯಿ ಹಂದಿಯನ್ನು ಕೊಂದ ಕಲ್ಲೂ, ಬೇಟೆಗಾರರಿಂದ ಆಯುಧವನ್ನು ಕಸಿದ ಹಾಡೂ ಒಬ್ಬ ಇಂಗ್ಲಿಷ ಅಧಿಕಾರಿಯ ಮೇಜಿನ ಮೇಲೆ ಕೂಡಿದ್ದವು. ೧೮೭೮ರ ಆಯುಧಗಳ ಕಾಯಿದೆಯು ನಿರಾಯುಧೀಕರಣವನ್ನು ದೇಶಕ್ಕೆಲ್ಲ ಶಾಶ್ವತ ಮಾಡಿತು.

ಕೊಡಗಿನವರಿಗೆ ಮಾತ್ರ ಇದರಿಂದ ವಿನಾಯಿತಿ ದೊರೆಯಿತು. ಭತ್ತದ ನಾಟಿ ಮುಗಿದು ಪೈರಿಗೆ ಕಾವಲು ಬೇಕಾಗುವ ಕಾಲದಲ್ಲಿ ಬರುವ ಕೈಲ್‌ಪೊಳ್ದಿನಂದು ಅವರು ಕೋವಿ, ಒಡಿಕತ್ತಿಗಳನ್ನು ಪೂಜಿಸುವರು; ಪೂರ್ವದಲ್ಲಿ ಆ ಪೂಜೆಯ ಬಳಿಕ ಹಂದಿಯ ಬೇಟೆಗೆ ಹೊರಡುವ ವಾಡಿಕೆಯಿತ್ತು. ಹಬ್ಬದ ತಿಥಿಯಲ್ಲಿಯೇ ಬೇಸಾಯದ ಲೆಕ್ಕವು ಅಡಗಿದೆ. ಆ ವಿನಾಯಿತಿಯನ್ನು ಕೇಂದ್ರ ಸರಕಾರವು ೨೦೧೯ರಲ್ಲಿ ೨೦೨೯ರ ವರೆಗೆ ಮುಂದುವರಿಸಿದೆ.

ಇಂಗ್ಲಿಷರು ತಮ್ಮ ವಿನೋದಕ್ಕೆ ಕುದುರೆಯ ಮೇಲಿಂದ ಈಟಿಯಿಂದ ಹಂದಿಯನ್ನು ಇರಿಯುವ ಆಟವನ್ನು ಬೆಳೆಸಿದರು. ಸ್ಕೌಟ್ ಚಳವಳಿಯ ಬೇಡನ್ ಪೊವೆಲ್ಲನು ೧೮೮೩ರಲ್ಲಿ ಮೀರತ್ತಿನ ಕದಿರ್ ಪಾರಿತೋಷಕವನ್ನು ಗೆದ್ದು, ೧೮೮೯ರಲ್ಲಿ ಆ ವಿಷಯಕ್ಕೆ ಒಂದು ಪುಸ್ತಕವನ್ನೇ ಬರೆದನು. ಕುದುರೆ ಓಡಬಲ್ಲ ಬಯಲಿನಲ್ಲಿ ಹಂದಿಗೆ ಗುಂಡು ಹಾಕುವುದು ಅವರಲ್ಲಿ ಅಗೌರವದ ಕೆಲಸ. ಹೊಲವನ್ನು ಕಳೆದುಕೊಂಡ ರೈತನಿಗೆ ಈ ಶಿಷ್ಟಾಚಾರದ ಸೂಕ್ಷ್ಮವು ಅರ್ಥವಾಗದಿದ್ದರೆ ಅವನನ್ನು ದೂರುವಂತಿಲ್ಲ.

ಪಿಸ್ತೂಲು, ರಿವಾಲ್ವರುಗಳೆಂಬ ಕೈಕೋವಿಗಳು ಬೇಟೆಗೆ ಬಂದುದು ಕಡೆಯ ಘಳಿಗೆಯ ರಕ್ಷಣೆಗೆಂದು. ಆನೆಯ ಅಂಬಾರಿಯ ಮೇಲೆ ಹುಲಿಯು ನೆಗೆದರೆ ಹತ್ತಿರದಿಂದಲೇ ಹೊಡೆಯುವುದಕ್ಕಾಗಿ ಎರಡು ಅಥವಾ ನಾಲ್ಕು ನಳಿಗೆಯ ದಪ್ಪ ಪಿಸ್ತೂಲುಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮಾಡುತ್ತಿದ್ದರು. ಅವುಗಳ ಹೆಸರೇ ಹೌದಾ ಪಿಸ್ತೂಲು. ಕೈಕೋವಿಯಿಂದಲೇ ಹಂದಿಯನ್ನು ಬೇಟೆಯಾಡುವ ರೂಢಿಯು ಬೆಳೆದದ್ದು ಅಮೇರಿಕೆಯಲ್ಲಿ. ಅಲ್ಲಿ ಸಾಕುಹಂದಿಗಳು ಕಾಡುಬಿದ್ದು, ಯುರೋಪಿನ ಕಾಡುಹಂದಿಯೊಡನೆ ಬೆರೆತು, ಬೆಳೆಗಳಿಗೆ ಮಹಾಪೀಡೆಯಾಗಿರುವುವು. ಯಾವ ಗುಂಡನ್ನು ಆರಿಸತಕ್ಕದ್ದೆಂಬ ಚರ್ಚೆಯು ಅಲ್ಲಿ ತೀರಿದ್ದೇ ಇಲ್ಲ.

ಆ ಚರ್ಚೆಯ ಬೇರು ನಮ್ಮ ದೇಶದಲ್ಲಿಯೇ ಇದೆಯೆಂಬುದು ಸ್ವಾರಸ್ಯದ ಸಂಗತಿ. ಗುಂಡಿಗೆ ಎರಡು ಗುಣಗಳು ಬೇಕು: ಒಂದು ಭೇದನ, ಅಂದರೆ ಆಳಕ್ಕೆ ತೂರುವುದು, ಇನ್ನೊಂದು ವಿಸ್ತಾರ, ಅಂದರೆ ಒಳಗೆ ಹೋಗಿ ಅರಳಿ ಗಾಯವನ್ನು ಅಗಲಿಸುವುದು. ಒಂದು ಹೆಚ್ಚಿದರೆ ಇನ್ನೊಂದು ತಗ್ಗುತ್ತದೆ. ತಾಮ್ರಮಿಶ್ರಿತ ಲೋಹದ ಕವಚವನ್ನು ಪೂರ್ಣವಾಗಿ ತೊಡಿಸಿದ ಗುಂಡು ಶತ್ರುವನ್ನು ತೂರಿಹೋಗುತ್ತದೆಯೇ ಹೊರತು ನಿಲ್ಲಿಸುವುದಿಲ್ಲವೆಂಬ ದೂರಿನಿಂದ, ಕಲಕತ್ತೆಯ ಬಳಿಯ ಡಮ್‌ಡಮ್ ಆಯುಧಶಾಲೆಯಲ್ಲಿ ೧೮೯೦ರ ದಶಕದ ಉತ್ತರಾರ್ಧದಲ್ಲಿ ಬರ್ಟಿ-ಕ್ಲೇ ಎಂಬ ಅಧಿಕಾರಿಯು ಮೊನೆಯಲ್ಲಿ ಕವಚವನ್ನು ತೆರೆದು ಸೀಸವನ್ನು ಹೊರಗಿಟ್ಟ ಗುಂಡನ್ನು ಮಾಡಿಸಿದನು. ಅದು ದೇಹದಲ್ಲಿ ಅಣಬೆಯಂತೆ ಅರಳುತ್ತಿತ್ತು. ೧೮೯೯ರಲ್ಲಿ ಹೇಗ್ ಪಟ್ಟಣದ ಸಮ್ಮೇಲನದಲ್ಲಿ ಅರಳುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂಬ ಘೋಷಣೆಯಾಯಿತು. ಬೇಟೆಯಲ್ಲಿಯಾದರೋ ನ್ಯಾಯವು ತಿರುವುಮುರುವು. ಮನುಷ್ಯನ ಮೇಲೆ ಕ್ರೂರವೆಂದು ನಿಷೇಧಿಸಿದ ಗುಂಡು, ಪ್ರಾಣಿಯನ್ನು ನರಳಿಸದೆ ಬೇಗ ಕೊಲ್ಲುವುದರಿಂದ, ರೈಫಲಿನ ಬೇಟೆಗಾರರಿಗೆ ದಯೆಯ ಗುಂಡಾಯಿತು. ಗಾಯಾಳುವಾದ ಸೈನಿಕನಿಗೆ ವೈದ್ಯನಿದ್ದಾನೆ. ಗಾಯಗೊಂಡ ಹಂದಿಗೆ ಇಲ್ಲ.

ಆದರೆ ರೈಫಲಿಗೆ ಸಲ್ಲುವ ಮಾತು ಕೈಕೋವಿಗೆ ಹಾಗೆಯೇ ಸಲ್ಲುವುದಿಲ್ಲ. ಕೈಕೋವಿಯ ನಳಿಗೆಯು ಗಿಡ್ಡ, ಮದ್ದು ಅಲ್ಪ, ವೇಗ ಕಡಿಮೆ. ಅದರ ಗುಂಡಿನ ಮೊನೆಯು ಟೊಳ್ಳಾಗಿದ್ದರೆ ಹೆಗಲಿನ ನಾರಿನ ಪದರದಲ್ಲಿಯೇ ಅರಳಿ, ಹೃದಯವನ್ನು ಮುಟ್ಟುವ ಮೊದಲೇ ನಿಂತುಬಿಡುವ ಭಯವಿದೆ. ಆದುದರಿಂದ ದೊಡ್ಡ ಹಂದಿಗೆ ಗಡುಸು ಸೀಸದಿಂದ ಎರಕ ಹೊಯ್ದ, ಅರಳದ, ಚಪ್ಪಟೆ ಮೊನೆಯ, ಭಾರವಾದ ಗುಂಡೇ ತಕ್ಕದ್ದೆಂದು ಅನುಭವಿಗಳು ಬಹುಮಟ್ಟಿಗೆ ಒಪ್ಪುವರು. ಧನುರ್ವೇದದ ಭಾಷೆಯಲ್ಲಿ ಹೇಳುವುದಾದರೆ ರೈಫಲಿಗೆ ಅರ್ಧಚಂದ್ರವನ್ನು ನಂಬಬಹುದು. ಕೈಕೋವಿಗೆ ಆರಾಮುಖವೇ ಬೇಕು. ಶಕ್ತಿಯ ಲೆಕ್ಕವನ್ನೂ ನೋಡತಕ್ಕದ್ದು. ೧೯೫೫ರಲ್ಲಿ ಹೊರಬಂದ ಪಾಯಿಂಟ್ ೪೪ ಮ್ಯಾಗ್ನಮ್ ರಿವಾಲ್ವರಿನ ಗುಂಡು ಸುಮಾರು ೧೫ ಗ್ರಾಮು ತೂಗಿ, ಸುಮಾರು ೧೩೦೦ ಜೂಲ್ ಶಕ್ತಿಯಿಂದ ಹೊರಡುತ್ತದೆ. ಬ್ರಿಟಿಷ ಸೈನ್ಯದ ವೆಬ್ಲಿ ರಿವಾಲ್ವರಿನ ಗುಂಡು ಅದಕ್ಕಿಂತ ಭಾರವಾದರೂ ಮಂದಗತಿಯದಾದ್ದರಿಂದ ಸುಮಾರು ೩೦೦ ಜೂಲಿನದು. ಭಾರತದಲ್ಲಿ ಪರವಾನಿಗೆಯುಳ್ಳ ಸಾಮಾನ್ಯ ನಾಗರಿಕನ ಕೈಯಲ್ಲಿ ಕಾಣುವ, ಕಾನಪುರದಲ್ಲಿ ತಯಾರಾಗುವ ಪಾಯಿಂಟ್ ೩೨ ರಿವಾಲ್ವರಿನ ಗುಂಡಾದರೋ ಆರು ಗ್ರಾಮಿನ ಆಸುಪಾಸು ತೂಗಿ, ಇನ್ನೂರು ಜೂಲನ್ನೂ ಮುಟ್ಟುವುದಿಲ್ಲ. ಸಾಮಾನ್ಯ ಕೋವಿಯ ಒಂಟಿ ಗುಂಡಿನ ಶಕ್ತಿಯು ಎರಡು ಸಾವಿರ ಜೂಲನ್ನು ಮೀರುವುದೆಂಬುದನ್ನು ನೆನೆದರೆ, ಪಾಯಿಂಟ್ ೩೨ನ್ನು ಹಿಡಿದು ಹಂದಿಯ ಎದುರಿಗೆ ನಿಲ್ಲುವವನು ಹಂದಿಗಿಂತ ತನಗೇ ಹೆಚ್ಚಿನ ಅಪಾಯವನ್ನು ತಂದುಕೊಳ್ಳುವನೆಂದು ಹೇಳಬೇಕಾಗುತ್ತದೆ. ಸೊಂಟಕ್ಕೆ ಸಿಕ್ಕಿಸಿದ ರಿವಾಲ್ವರು ಶ್ರೀಮಂತಿಕೆಯ ಗುರುತಾದೀತು, ಹೊಲದ ಕಾವಲಾಗದು.

ಕಾನೂನು ಕೂಡ ಹೀಗೆಯೇ ಎಣಿಸಿದೆ. ೧೯೫೯ರ ಆಯುಧಗಳ ಅಧಿನಿಯಮವು ಬೆಳೆಯ ರಕ್ಷಣೆಗಾಗಿ ನಳಿಗೆಯ ಬಾಯಿಂದ ತುಂಬುವ ಕೋವಿಯನ್ನೂ, ಆತ್ಮರಕ್ಷಣೆಗೆ ಅಥವಾ ಬೇಟೆಯ ವಿನೋದಕ್ಕೆ ೨೦ ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ನುಣುಪು ಕೋವಿಯನ್ನೂ ಹೆಸರಿಸಿದೆ. ಕೈಕೋವಿಗೆ ಅಲ್ಲಿ ಸ್ಥಾನವಿಲ್ಲ. ಆದರೆ ಕೋವಿಗೆ ಪರವಾನಿಗೆ ಸಿಕ್ಕಿತೆಂದ ಮಾತ್ರಕ್ಕೆ ಹಂದಿಯನ್ನು ಹೊಡೆಯುವಂತಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಲ್ಲಿ ಮೂರನೆಯ ಅನುಸೂಚಿಯಲ್ಲಿದ್ದ ಕಾಡುಹಂದಿಯು ೨೦೨೨ರ ತಿದ್ದುಪಡಿಯಿಂದ ಎರಡನೆಯದಕ್ಕೆ ಏರಿದೆ. ಪ್ರಾಣಕ್ಕಾಗಲಿ ನಿಂತ ಬೆಳೆಗಾಗಲಿ ಅಪಾಯಕಾರಿಯಾದ ಪ್ರಾಣಿಯನ್ನು ಕೊಲ್ಲುವುದಕ್ಕೆ ಅಧಿಕಾರಿಯ ಲಿಖಿತ ಅಪ್ಪಣೆ ಬೇಕು. ಕನ್ನಡಿಗರು ಬಹುಸಂಖ್ಯೆಯಲ್ಲಿರುವ ಕಾಸರಗೋಡನ್ನೊಳಗೊಂಡ ಕೇರಳದಲ್ಲಿ, ೨೦೨೨ರಲ್ಲಿ ಈ ಅಪ್ಪಣೆಯನ್ನು ಕೊಡುವ ಅಧಿಕಾರವನ್ನು ಗ್ರಾಮಪಂಚಾಯತಿ ಮೊದಲಾದ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿದರು. ಪರವಾನಿಗೆಯ ಕೋವಿಯುಳ್ಳವನೇ ಹೊಡೆಯತಕ್ಕದ್ದು; ವಿಷ, ಸ್ಫೋಟಕ, ವಿದ್ಯುತ್ತುಗಳನ್ನು ಬಳಸಬಾರದೆಂಬ ಕಟ್ಟಳೆಯೂ ಅದರೊಡನಿತ್ತು. ಹಲಗಲಿಯಲ್ಲಿ ಊರಿನಿಂದ ಹೋದ ಆಯುಧದ ನಿರ್ಣಯವು ಸ್ವಲ್ಪಮಟ್ಟಿಗಾದರೂ ಊರಿನ ಚಾವಡಿಗೆ ಮರಳಿ ಬಂದ ಉದಾಹರಣೆಯಿದು.

ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವು ೧೯೭೪ರಲ್ಲಿ ಸ್ಥಾಪಿತವಾದುದು. ಅದರ ನೀಲಗಿರಿ ತೋಪುಗಳಲ್ಲಿ ಕಾಡುಹಂದಿಗೂ ಆಸರೆಯಿದೆ. ಹಗಲೆಲ್ಲ ತೋಪಿನ ನೆರಳು, ರಾತ್ರಿ ಸುತ್ತಲಿನ ಗೋವಿನಜೋಳ; ಹಂದಿಗೆ ಇದಕ್ಕಿಂತ ಸುಖದ ಸಂಸಾರ ಬೇರೆಲ್ಲಿದೆ? ಕೋವಿಯೂ ಅಪ್ಪಣೆಯೂ ಇಲ್ಲದವನು ನಾಡಿನಲ್ಲಿ ಹಲವೆಡೆ ಅವಕ್ಕಿಂತ ಕೆಟ್ಟ ಆಯುಧಗಳನ್ನು ಹಿಡಿದಿದ್ದಾನೆ. ತಂತಿಯ ಉರುಳು ಹಂದಿಗೆಂದು ಒಡ್ಡಿದ್ದು ಚಿರತೆಯನ್ನು ಹಿಡಿಯುತ್ತದೆ. ಬೇಲಿಗೆ ಹರಿಸಿದ ವಿದ್ಯುತ್ತು ನೆರೆಯವನನ್ನು ಕೊಂದದ್ದುಂಟು. ಹಿಟ್ಟಿನಲ್ಲಿ ಅಡಗಿಸಿಟ್ಟ ಸಿಡಿಮದ್ದನ್ನು ಮೇಯಲು ಹೋದ ಹಸುವಿನ ದವಡೆ ಚಿಂದಿಯಾಗುತ್ತದೆ. ಈ ಮೂರಕ್ಕೂ ಗುರಿಯೆಂಬುದಿಲ್ಲ. ಇವು ಎದೆಯನ್ನೂ ಅರಿಯವು, ಹೆಗಲನ್ನೂ ಅರಿಯವು, ಹಂದಿಯನ್ನೂ ಹಸುವನ್ನೂ ಬೇರ್ಪಡಿಸಿ ನೋಡವು. ಮಣಲೆರನ ಕಾಳಿಯಾದರೋ ತಾನು ಯಾವುದರ ಮೇಲೆ ಬೀಳುತ್ತಿರುವೆನೆಂಬುದನ್ನು ಬಲ್ಲದಾಗಿತ್ತು. ಅಟ್ಟಣೆಯ ಮೇಲಿನ ಒಕ್ಕಲಿಗನಾದರೂ ಸದ್ಯಕ್ಕೆ ಹಲಗೆಯನ್ನೇ ಬಾರಿಸುತ್ತಿದ್ದಾನೆ; ಆ ಸದ್ದಿಗೆ ಹಂದಿಗಳು ನಾಲ್ಕು ದಿನ ಹೆದರಿ, ಐದನೆಯ ದಿನ ಬರುತ್ತವೆ.